ಮಾವ ಹೇಳಿದ ಅಮೆರಿಕದ ಪಿಚ್ಚರುಗಳು

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ನನ್ನ ಹೊಟ್ಟೆಪಾಡೇ ಅಂಥದ್ದು. ಇಪ್ಪತ್ತಾರು ವರ್ಷದಿಂದ ಸಂಡೂರಿನ ಕಡೆ ಅದಿರು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿದ್ದೇನೆ. ಲಾರಿಯ ಮೇಲ್ಗಡೆ ಒಳ್ಳೆಯ ಅದಿರು ಹರಡಿ ಕೆಳಗೆ ಮಣ್ಣು ತುಂಬಿ ತರುವವರನ್ನು ದಿನಾ ನೋಡುತ್ತೇನೆ. ಯಾರಾದರೂ ನಗುನಗುತ್ತ ಮಾತಾಡಿಸಿ ಚಹಾ ಕುಡಿಸಲು ಬಂದರೆಂದರೆ, ಗುದ್ದಲಿಯನ್ನು ಇನ್ನೊಂದು ಮೊಳ ಆಳಕ್ಕೆ ಹಾಕಿಸುತ್ತೇನೆ. ಹತ್ತರಲ್ಲಿ ಏಳು ಸಲ ನನ್ನ ಅನುಮಾನವೇ ನಿಜವಾಗುತ್ತದೆ. ಹೀಗಾಗಿ ಅದರ ಮೇಲೆ ನನಗೆ ಒಂದು ಥರದ ಅಭಿಮಾನ ಬೆಳೆದುಬಿಟ್ಟಿದೆ.

ಈ ಗುಣ ನನ್ನ ಹಿಂದೆಯೇ ಬಸ್ಸು ಹತ್ತಿ ಹೊಸಪೇಟೆಯ ಮನೆಗೂ ಬಂತು. ಹಾಲಿನವನು, ಗ್ಯಾಸಿನವನು, ಮದುವೆ ಕರೆಯೋಲೆ ಕೊಡಲು ಬಂದ ನೆಂಟರು, ಯಾರನ್ನೂ ನಾನು ಬಿಟ್ಟವನಲ್ಲ. ‘ನಿಮ್ಮ ಲ್ಯಾಬನ್ನ ದಾರ್ಯಾಗಿನ ಗಾದಿಗನೂರು ದಾಟಿಸಬ್ಯಾಡ್ರಿ, ಅಲ್ಲೇ ಇಳಿಸಿ ಬರ್ರಿ’ ಎಂದು ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ನಾನು ಕೇಳಲಿಲ್ಲ. ಕೊನೆಗೆ ಆ ಲ್ಯಾಬನ್ನು ನನ್ನ ಸೋದರಮಾವನ ಮೇಲೂ ಹೂಡಿದೆ. ಇಲ್ಲಿ ಬರೆಯಬೇಕಾಗಿರುವುದು ಅದನ್ನೇ.

ಮಾವ ಕಂಪ್ಲಿಯವನು, ನನ್ನ ಅಮ್ಮನ ತಮ್ಮ. ನಮ್ಮಲ್ಲಿ ಸೋದರಮಾವನಿಗೆ ಬಹುವಚನ ಹಚ್ಚುವುದಿಲ್ಲ. ಹಚ್ಚಿದರೆ ಏನೋ ಮುನಿಸು ನಡೆದಿದೆ ಎಂದು ಅರ್ಥ. ಹಾಗಾಗಿ ಇಲ್ಲಿಯೂ ಏಕವಚನವೇ ಇರಲಿ. ಅವನಿಗೀಗ ಎಪ್ಪತ್ತೆಂಟು. ಅಕ್ಕಿ ಗಿರಣಿಯಲ್ಲಿ ದುಡಿದು ಸಂಸಾರ ಸಾಗಿಸಿದವನು. ಆದರೆ ಕಂಪ್ಲಿಯ ಹಳಬರು ಅವನನ್ನು ನೆನಪಿಟ್ಟುಕೊಂಡಿರುವುದು ಗಿರಣಿಯ ಕೆಲಸಕ್ಕಲ್ಲ. ಹರೆಯದಲ್ಲಿ ಅವನು ಅಲ್ಲಿನ ತಗಡಿನ ಟಾಕೀಸಿನಲ್ಲಿ ಪಿಚ್ಚರು ಹೇಳುತ್ತಿದ್ದ.

ಪಿಚ್ಚರು ಹೇಳುವುದು ಎಂದರೇನು ಎಂದು ಈಗಿನವರಿಗೆ ಬಿಡಿಸಿಯೇ ಹೇಳಬೇಕು. ಭಾನುವಾರ ಬೆಳಗಿನ ಆಟಕ್ಕೆ ಆ ಟಾಕೀಸಿಗೆ ಹಳೆಯ ಅಮೆರಿಕನ್ ಪಿಚ್ಚರು ಬರುತ್ತಿತ್ತು. ನೋಡಲು ಬಂದ ಜನಕ್ಕೆ ಇಂಗ್ಲಿಷು ಬರದು. ಅದಕ್ಕೆ ಪರದೆಯ ಪಕ್ಕದಲ್ಲಿ ಒಬ್ಬ ಮೈಕು ಹಿಡಿದು ನಿಂತು, ಕನ್ನಡದಲ್ಲಿ, ನಡುನಡುವೆ ತೆಲುಗಿನಲ್ಲಿ, ಇವರು ಯಾರು, ಈಗೇನಾಯಿತು ಎಂದು ಹೇಳುತ್ತ ಹೋಗುತ್ತಿದ್ದ. ಮಾವನಿಗೂ ಇಂಗ್ಲಿಷು ಬರುತ್ತಿರಲಿಲ್ಲ. ಇದು ಟಾಕೀಸಿನ ಮಾಲೀಕನಿಗೆ ಗೊತ್ತಿತ್ತು, ಜನಕ್ಕೆ ಗೊತ್ತಿರಲಿಲ್ಲ. ಭಾನುವಾರ ನಸುಕಿನಲ್ಲಿ ಆಪರೇಟರು ಡಬ್ಬಿ ಬಿಚ್ಚಿ ಒಂದು ಸಲ ಓಡಿಸಿ ತೋರಿಸುತ್ತಿದ್ದ. ಮಾವ ಖಾಲಿ ಟಾಕೀಸಿನಲ್ಲಿ ಒಬ್ಬನೇ ಕುಳಿತು, ಮುಖಗಳನ್ನು ನೋಡಿ ಮಾತು ಊಹಿಸಿ, ತಾನೇ ಒಂದು ಕಥೆ ಕಟ್ಟಿಕೊಂಡು, ಹತ್ತು ಗಂಟೆಗೆ ಮೈಕಿನ ಮುಂದೆ ನಿಂತುಬಿಡುತ್ತಿದ್ದ.

ಬೆಳಗಿನ ಆಟಕ್ಕೆ ಹೆಂಗಸರೂ ಬರುತ್ತಿದ್ದರು. ಪರದೆಯ ಮೇಲೆ ನಾಯಕ ಮೊದಲ ಭೇಟಿಯಲ್ಲೇ ನಾಯಕಿಯ ಸೊಂಟ ಹಿಡಿದು ಕುಣಿಯಲು ಎಳೆದರೆ, ಅವರು ಮಕ್ಕಳನ್ನು ಎತ್ತಿಕೊಂಡು ಹೊರಟೇಬಿಡುತ್ತಿದ್ದರಂತೆ. ಮಾವ ಇದಕ್ಕೊಂದು ಉಪಾಯ ಕಂಡುಕೊಂಡ. ನಾಯಕಿ ಕಾಣಿಸಿಕೊಂಡ ಕೂಡಲೇ ‘ಈಕಿ ಅವನ ಸೋದರತ್ತಿ ಮಗಳು. ತೊಟ್ಟಿಲದಾಗ ಇದ್ದಾಗಲೇ ಮಾತಾಗೈತಿ’ ಎಂದು ಸಾರಿಬಿಡುತ್ತಿದ್ದ. ಅಷ್ಟು ಹೇಳಿದರೆ ಮುಗಿಯಿತು. ಆಮೇಲೆ ಅವರು ಕುಣಿಯಲಿ, ಅಪ್ಪಿಕೊಳ್ಳಲಿ, ದೋಣಿ ಹತ್ತಿ ಹೋಗಲಿ, ತಮ್ಮ ತಮ್ಮಲ್ಲಿನ ಸಂಬಂಧ ಎಂದು ಹೆಂಗಸರು ನೆಮ್ಮದಿಯಾಗಿ ಕುಳಿತು ನೋಡುತ್ತಿದ್ದರು. ಮದುವೆಯಾದ ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಎರಡು ಮಂಚ ಹಾಕಿಕೊಂಡು ಮಲಗಿರುವುದು ಆ ಪಿಚ್ಚರುಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಅದಕ್ಕೆ ಮಾವ ‘ಆಷಾಢ ನಡದೈತಿ’ ಎನ್ನುತ್ತಿದ್ದ. ಕಂಪ್ಲಿಯ ಒಂದು ತಲೆಮಾರು, ಅಮೆರಿಕದಲ್ಲೂ ಅತ್ತೆಯ ಮಗಳನ್ನೇ ತರುತ್ತಾರೆ, ಅಲ್ಲೂ ಆಷಾಢ ಹಿಡಿಯುತ್ತಾರೆ ಎಂದು ನಂಬಿಕೊಂಡೇ ಮುದುಕಾಯಿತು.

ನಾನು ಹುಟ್ಟುವ ಹೊತ್ತಿಗೆ ಆ ಕೆಲಸ ನಿಂತುಹೋಗಿತ್ತು. ರಜೆಗೆ ಕಂಪ್ಲಿಗೆ ಹೋದಾಗ ಮಾವ ಅಂಗಳದಲ್ಲಿ ಕುಳ್ಳಿರಿಸಿಕೊಂಡು ಒಂದೊಂದೇ ಪಿಚ್ಚರನ್ನು ಬಾಯಲ್ಲೇ ತೋರಿಸುತ್ತಿದ್ದ. ಕುದುರೆ, ರೈಲು, ಪಿಯಾನೊ, ಮಳೆ, ಎಲ್ಲ ಅವನ ಗಂಟಲಿನಿಂದಲೇ ಬರುತ್ತಿದ್ದವು. ದೊಡ್ಡವನಾದ ಮೇಲೆ, ಕೆಳಗೆ ಅಕ್ಷರ ಮೂಡುವ ಪ್ರಿಂಟಿನಲ್ಲಿ ಅವುಗಳಲ್ಲೊಂದನ್ನು ಮೊದಲ ಸಲ ನೋಡಿದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು. ಅವಳು ಅತ್ತೆಯ ಮಗಳೂ ಅಲ್ಲ, ಏನೂ ಅಲ್ಲ. ನಾಯಕನ ಮೇಲೆ ಕೇಸು ನಡೆಸುತ್ತಿದ್ದ ವಕೀಲನ ಹೆಂಡತಿ.

ಸಿಟ್ಟು ಬಂದರೂ ಪಿಚ್ಚರು ಬಿಡಲಿಲ್ಲ. ಆ ಕಪ್ಪು ಬಿಳುಪಿನ ಲೋಕ ನನಗೆ ಹಿಡಿಸಿಬಿಟ್ಟಿತು. ಕಿಟಕಿಯ ಪಟ್ಟಿಗಳ ನೆರಳು ಮುಖದ ಮೇಲೆ ಬಿದ್ದವನು ಒಳ್ಳೆಯವನೋ ಕೆಟ್ಟವನೋ ಎಂದು ಕೊನೆಯವರೆಗೂ ಗೊತ್ತಾಗದಿರುವುದು, ಹೆಂಗಸರು ಗಂಡಸರಿಗೆ ಉಸಿರು ಬಿಡಲೂ ಸಮಯ ಕೊಡದೆ ಪಟಪಟ ಉತ್ತರ ಕೊಡುವುದು, ಮಾತಾಡುತ್ತ ಮಾತಾಡುತ್ತ ಮೆಟ್ಟಿಲ ಮೇಲೆ ನಿಂತು ಹಾಡಿಬಿಡುವುದು ನನಗೆ ಇಷ್ಟವಾದವು. ಅನುಮಾನದ ಮನುಷ್ಯನಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ.

ಆಮೇಲೆ ಅವುಗಳ ಇತಿಹಾಸ ಓದಲು ಶುರು ಮಾಡಿದೆ. ಅಲ್ಲಿ ಸ್ಟುಡಿಯೋಗಳು ನಟನಟಿಯರನ್ನು ಕರಾರು ಬರೆಸಿಕೊಂಡು ಇಟ್ಟುಕೊಳ್ಳುತ್ತಿದ್ದವು. ಕೊಟ್ಟ ವೇಷ ಹಾಕಬೇಕು, ಇಟ್ಟ ಹೆಸರಿಗೆ ಓಗೊಡಬೇಕು. ನಮ್ಮ ಕಂಪನಿಗಿಂತ ಬೇರೆಯೇನಿಲ್ಲ. ಏನು ತೋರಿಸಬೇಕು, ಏನು ತೋರಿಸಬಾರದು ಎಂದು ಒಂದು ಕಟ್ಟುನಿಟ್ಟಿನ ನಿಯಮಾವಳಿಯೇ ಇತ್ತು. ಎರಡು ಮಂಚ ಬಂದದ್ದು ಅದರಿಂದ, ಆಷಾಢದಿಂದಲ್ಲ. ಎಷ್ಟೋ ನಾಯಕಿಯರು ಹಾಡಿಗೆ ಬರೇ ತುಟಿಯಾಡಿಸುತ್ತಿದ್ದರು, ಗಂಟಲು ಬೇರೆಯವಳದು, ಅವಳ ಹೆಸರು ಪರದೆಯ ಮೇಲೆ ಬರುತ್ತಲೂ ಇರಲಿಲ್ಲ. ಇದನ್ನು ಓದಿದ ದಿನ ನನಗೆ ಭಾಳ ಸಮಾಧಾನವಾಯಿತು. ಮೇಲೊಂದು, ಕೆಳಗೊಂದು, ನಮ್ಮ ಲಾರಿಯ ಲೋಡಿನ ಹಾಗೆ.

ಅಮ್ಮ ತೀರಿಕೊಂಡ ಮೇಲೆ ಮಾವ ಪ್ರತಿ ಭಾನುವಾರ ನಮ್ಮ ಮನೆಗೆ ಬರತೊಡಗಿದ. ಕಂಪ್ಲಿಯಿಂದ ಎಂಟರ ಬಸ್ಸಿಗೆ ಹೊರಟು, ಕಮಲಾಪುರದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ಒಂದು ಚಿಪ್ಪು ಸುಗಂಧಿ ಬಾಳೆಹಣ್ಣು ಕೊಂಡು, ಒಂಬತ್ತೂವರೆಗೆಲ್ಲ ಬಾಗಿಲಲ್ಲಿ ಇರುತ್ತಿದ್ದ. ಹೆಂಡತಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡುತ್ತಿದ್ದಳು. ಹತ್ತಕ್ಕೆ ಸರಿಯಾಗಿ ಪರದೆ ಎಳೆದು ಟಿವಿ ಹಚ್ಚುತ್ತಿದ್ದೆ. ಕೆಳಗೆ ಅಕ್ಷರ ಬರುತ್ತಿದ್ದರೂ ಮಾವ ಸುಮ್ಮನಿರುತ್ತಿರಲಿಲ್ಲ. ಹೇಳಲೇಬೇಕು. ‘ನೋಡೀಗ, ಈ ನಟಿಗೆ ಅವತ್ತು ಜ್ವರ ಇತ್ತು. ಮೈ ಸುಡತಿತ್ತು. ಅದಕ್ಕ ಕಣ್ಣು ಹಂಗ ಹೊಳೀತಾವು’ ಎನ್ನುತ್ತಿದ್ದ. ಇದು ನಿನಗೆ ಹೇಗೆ ಗೊತ್ತು ಎಂದರೆ, ‘ಗೊತ್ತು ಬಿಡಲೇ’ ಎನ್ನುತ್ತಿದ್ದ.

ನಾನು ಒಂದು ನೋಟುಬುಕ್ಕು ಇಟ್ಟೆ. ಲ್ಯಾಬಿನ ರೂಢಿ. ಎಡಗಡೆ ಮಾವ ಹೇಳಿದ್ದು, ಬಲಗಡೆ ನಿಜ, ಮೇಲೆ ತಾರೀಖು. ಸಂಜೆ ಅವನನ್ನು ಬಸ್ಸು ಹತ್ತಿಸಿ ಬಂದು ಪುಸ್ತಕ, ಫೋನು ಎಲ್ಲ ಹುಡುಕಿ ಬಲಗಡೆ ತುಂಬಿಸುತ್ತಿದ್ದೆ. ಜ್ವರ ಸುಳ್ಳು. ಆ ಕುದುರೆ ನಾಯಕನ ಸ್ವಂತದ್ದು ಎಂಬುದು ಸುಳ್ಳು. ಹಿಂದೆ ಕಾಣುವ ಗುಡ್ಡ ನಿಜವಾದದ್ದು ಎಂಬುದು ಸುಳ್ಳು. ಬಟ್ಟೆಯ ಮೇಲೆ ಬರೆದದ್ದು. ಹೆಂಡತಿ ಒಮ್ಮೆ ಬಂದು ಭುಜದ ಮೇಲಿಂದ ಬಗ್ಗಿ ನೋಡಿ, ‘ಮಾವಾರು ನಿಮ್ಮ ಹತ್ರ ಕಥಿ ಹೇಳಾಕ ಬರ್ತಾರೋ, ಸಾಕ್ಷಿ ಹೇಳಾಕ ಬರ್ತಾರೋ’ ಎಂದು ಕೇಳಿ ಒಳಗೆ ಹೋದಳು.

ಹೋದ ವರ್ಷದ ಬೇಸಿಗೆಯ ಹೊತ್ತಿಗೆ ಸುಳ್ಳಿನ ಜಾತಿ ಬದಲಾಯಿತು. ಇದನ್ನು ನಾನು ಗುರುತಿಸಿದೆ. ಗುರುತಿಸಿದೆ ಎಂದು ಆಗ ಹೆಮ್ಮೆಯೂ ಪಟ್ಟೆ. ಅವನ ಹಳೆಯ ಸುಳ್ಳುಗಳಿಗೆ ಒಂದು ಕಾರಣವಿರುತ್ತಿತ್ತು. ಜನ ಎದ್ದು ಹೋಗಬಾರದು, ಕಥೆ ರುಚಿಯಾಗಬೇಕು, ಇಷ್ಟೇ. ಹೊಸ ಸುಳ್ಳುಗಳಿಗೆ ಕಾರಣವೇ ಇರಲಿಲ್ಲ. ಕೋಣೆಯಲ್ಲಿ ಮೂವರಿದ್ದರೆ ‘ಪಾಪ, ಒಬ್ಬಾಕಿನೇ ನಿಂತಾಳ’ ಎನ್ನುತ್ತಿದ್ದ. ಪರದೆಯ ಎಡಗಡೆ ಪಿಸ್ತೂಲು ಹಿಡಿದವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನಾಯಕನ ಟೋಪಿಯನ್ನು ಹೊಗಳುತ್ತಿದ್ದ. ಕಥೆ ಇನ್ನೂ ಇಸ್ಪೀಟು ಆಟದಲ್ಲಿದ್ದಾಗ ಮುಂದಿನ ಗುದ್ದಾಟವನ್ನು ಹೇಳಿ ಮುಗಿಸುತ್ತಿದ್ದ. ಒಂದು ಸಲ ಮುಗಿಯಿತು ಎಂಬ ಅಕ್ಷರಗಳು ಪರದೆಯ ತುಂಬ ನಿಂತಿದ್ದಾಗ ‘ಯಾಕ, ಕರೆಂಟ್ ಹೋತೇನು’ ಎಂದು ಕೇಳಿದ. ನಾನು ಎಲ್ಲವನ್ನೂ ಬರೆದುಕೊಂಡೆ.

ಲಾಭವಿಲ್ಲದ ಕಲಬೆರಕೆಯನ್ನು ನನ್ನ ಕೆಲಸದಲ್ಲಿ ಎಂದೂ ನೋಡಿಲ್ಲ. ಅದಕ್ಕೇ ಇದು ಇನ್ನೂ ದೊಡ್ಡ ಕಿತಾಪತಿ ಇರಬೇಕು ಎನಿಸಿತು. ನೋಟುಬುಕ್ಕಿನ ವಿಷಯ ಅವನಿಗೆ ಗೊತ್ತಾಗಿದೆ, ಬೇಕೆಂದೇ ತಪ್ಪು ಹೇಳಿ ನನ್ನನ್ನು ಆಡಿಸುತ್ತಿದ್ದಾನೆ ಎಂದುಕೊಂಡೆ. ಯಾರು ಹೇಳಿರಬಹುದು? ಮನೆಯಲ್ಲಿ ಇನ್ನೊಬ್ಬರೇ ಇರುವುದು. ಅವತ್ತಿನಿಂದ ಹೆಂಡತಿಯನ್ನೂ ಗಮನಿಸತೊಡಗಿದೆ. ಮೊದಲು ಚಹಾದ ಲೋಟ ಟೀಪಾಯಿಯ ಮೇಲೆ ಇಡುತ್ತಿದ್ದವಳು ಈಗ ಮಾವನ ಕೈಗೇ ಕೊಟ್ಟು, ಅವನು ಹಿಡಿದುಕೊಂಡ ಮೇಲೆ ಕೈ ಬಿಡುತ್ತಿದ್ದಳು. ಬಚ್ಚಲಿಗೆ ಹೋಗುವಾಗ ಮೊದಲೇ ಹೋಗಿ ದೀಪ ಹಾಕಿ ಬಾಗಿಲ ಬಳಿ ನಿಂತಿರುತ್ತಿದ್ದಳು. ನಾನು ಒಳಗೆ ಬಂದರೆ ಇಬ್ಬರ ಮಾತೂ ನಿಲ್ಲುತ್ತದೆ ಎಂದೂ ಅನಿಸುತ್ತಿತ್ತು. ‘ಲೋಟ ಕೈಗೇ ಕೊಡುತ್ತಾಳೆ. ಯಾಕೆ?’ ಎಂದು ನಾನು ಬರೆದ ಸಾಲು ಈಗಲೂ ಆ ಪುಸ್ತಕದಲ್ಲಿದೆ.

ಮಾವ ಹೊಸ ಪಿಚ್ಚರು ಹಾಕಗೊಡುತ್ತಿರಲಿಲ್ಲ. ನೋಡಿರದ್ದನ್ನು ಹಾಕಿದರೆ ಐದು ನಿಮಿಷಕ್ಕೆ ‘ಇದು ಸುಡುಗಾಡು ಪಿಚ್ಚರ್, ತಗಿ. ಹಾಡಿಂದು ಹಾಕು’ ಎನ್ನುತ್ತಿದ್ದ. ದಸರೆಯ ರಜೆಯಲ್ಲಿ ಹಂಪಿಗೆ ಹೋಗಿ ಬರೋಣ ಎಂದರೆ, ಹುಡುಗುತನದಲ್ಲಿ ಅಲ್ಲಿನ ಗುಡ್ಡಗಳನ್ನೆಲ್ಲ ಹತ್ತಿಳಿದವನು, ‘ಕಲ್ಲುಬಂಡಿ ನೋಡಾಕ ಬಸ್ಸಿನ ಚಾರ್ಜ್ ಯಾಕ’ ಎಂದು ತೇಲಿಸಿಬಿಟ್ಟ. ಅದನ್ನೂ ಬರೆದೆ. ನನಗೆ ಅಂದು ತಲೆಯಲ್ಲಿ ಒಂದೇ ಇತ್ತು. ಇವನನ್ನು ಒಮ್ಮೆ ಕೈಯಾರೆ ಹಿಡಿಯಬೇಕು.

ಮಾವನ ಬಲು ಮೆಚ್ಚಿನದು ಒಂದು ರೈಲಿನ ಪಿಚ್ಚರು. ಮರಳುಗಾಡಿನ ನಡುವಿನ ಸ್ಟೇಷನ್ನಿನಲ್ಲಿ ಒಬ್ಬಾಕೆ ಗಂಡನ ದಾರಿ ಕಾಯುತ್ತಿರುತ್ತಾಳೆ. ಗಂಡ ಬರುವ ರೈಲಿನಲ್ಲೇ ಅವನನ್ನು ಮುಗಿಸಲು ಹೊರಟವರೂ ಇರುತ್ತಾರೆ. ಮಾವನ ಲೆಕ್ಕದಲ್ಲಿ ಆಕೆಯೂ ಅತ್ತೆಯ ಮಗಳೇ. ಒಂದು ಭಾನುವಾರ ‘ಇವತ್ತು ರೈಲಿಂದು ಹಾಕ್ತೀನಿ ಮಾವ. ಆದ್ರ ಟಿವಿ ಸೌಂಡ್ ಕೆಟ್ಟೈತಿ. ನೀನೇ ಹೇಳಬೇಕು, ಟಾಕೀಸಿನಾಗ ಹೇಳ್ತಿದ್ದಂಗ’ ಎಂದೆ. ಸೌಂಡು ಕೆಟ್ಟಿರಲಿಲ್ಲ, ನಾನೇ ಬಂದ್ ಮಾಡಿದ್ದೆ. ಹಾಕಿದ್ದೂ ರೈಲಿನದಲ್ಲ. ಮೂವರು ಅಕ್ಕತಂಗಿಯರು ಒಂದು ಅಡುಗೆಮನೆಯಲ್ಲಿ ಕುಳಿತು ಮನೆ ಮಾರುವ ಬಗ್ಗೆ ಜಗಳಾಡುವ ಪಿಚ್ಚರು. ಮೊದಲ ಅರ್ಧ ಗಂಟೆ ಅವರು ಆ ಮೇಜು ಬಿಟ್ಟು ಏಳುವುದೇ ಇಲ್ಲ.

ಮಾವನಿಗೆ ಎಷ್ಟು ಸಂತೋಷವಾಯಿತೆಂದರೆ, ಅವನು ಎದ್ದು ನಿಂತ. ಗೋಡೆ ಹಿಡಿದುಕೊಂಡು ಹೋಗಿ ಟಿವಿಯ ಪಕ್ಕದಲ್ಲಿ ನಮ್ಮ ಕಡೆ ಮುಖ ಮಾಡಿ ನಿಂತು, ಎಡಗೈಯನ್ನು ಬಾಯಿಯ ಹತ್ತಿರ ಮೈಕು ಹಿಡಿದಂತೆ ಹಿಡಿದ. ಹೆಂಡತಿಯೂ ಒಲೆ ಆರಿಸಿ ಬಂದು ಕುಳಿತಳು. ‘ಕೇಳ್ರಿ ಕೇಳ್ರಿ, ಸುತ್ತ ನಾಕು ಹರದಾರಿ ಒಂದು ಗಿಡ ಇಲ್ಲ’ ಎಂದು ಶುರು ಮಾಡಿದ. ಅವನ ದನಿ ಐವತ್ತು ವರ್ಷ ಹಿಂದಕ್ಕೆ ಹೋಯಿತು. ಬಿಸಿಲಲ್ಲಿ ಹೊಳೆಯುವ ಹಳಿ, ಒಣಗಿದ ನೀರಿನ ತೊಟ್ಟಿ, ಆಕೆ ಕೈಚೀಲದಿಂದ ಗಂಡನ ಪತ್ರ ತೆಗೆದು ಮತ್ತೆ ಮಡಚಿ ಇಡುವುದು, ದೂರದಲ್ಲಿ ಹೊಗೆ. ಅವನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ, ಟಿವಿಯಲ್ಲಿ, ನಡುವಿನ ಅಕ್ಕ ಆಲೂಗಡ್ಡೆ ಸುಲಿಯುತ್ತಿದ್ದಳು.

ಹತ್ತು ನಿಮಿಷ ಬಿಟ್ಟೆ. ಹತ್ತು ನಿಮಿಷವೂ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ. ಆಮೇಲೆ ಹೇಳಿದೆ.

‘ಮಾವ, ಅಲ್ಲಿ ರೈಲೇ ಇಲ್ಲ.’

‘ಬರ್ತೈತಿ ತಡಿ. ಹೊಗಿ ಕಂಡೈತಿ.’

‘ಹೊಗಿನೂ ಇಲ್ಲ. ಇದು ರೈಲಿನ ಪಿಚ್ಚರೇ ಅಲ್ಲ. ನಾ ಬ್ಯಾರೆ ಹಾಕೀನಿ. ಎಷ್ಟು ದಿನಾ ಅಂತ ನಮ್ಮನ್ನ ಹುಚ್ಚರನ್ನ ಮಾಡ್ತಿ?’

ಮಾವನ ಕೈ ಬಾಯಿಯ ಹತ್ತಿರವೇ ನಿಂತಿತು. ಅವನು ನಿಧಾನವಾಗಿ ಟಿವಿಯ ಕಡೆ ತಿರುಗಿ, ಮುಖವನ್ನು ಒಂದು ಗೇಣು ಹತ್ತಿರಕ್ಕೆ ಒಯ್ದು, ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ಹುಡುಕಿದ. ಏನೂ ಸಿಗಲಿಲ್ಲವೆಂದು ಕಾಣುತ್ತದೆ, ಅಂಗೈಯನ್ನು ಗಾಜಿನ ಮೇಲೆ ಇಟ್ಟ.

‘ಯಾವುದು ಹಾಕೀದಿ?’ ಎಂದ.

ಆಗ ನನಗೆ ಗೊತ್ತಾಯಿತು. ಹೆಂಡತಿ ಆಗಲೇ ಎದ್ದು ಹೋಗಿ ಅವನ ತೋಳು ಹಿಡಿದು ಕುರ್ಚಿಗೆ ಕರೆತರುತ್ತಿದ್ದಳು. ಕುಳ್ಳಿರಿಸಿ, ನೀರು ಕೈಗೆ ಕೊಟ್ಟು, ನನ್ನ ಕಡೆ ನೋಡದೆಯೇ ಹೇಳಿದಳು: ‘ನಿಮಗ ಗೊತ್ತಿರ್ತೈತಿ ಅನ್ಕೊಂಡಿದ್ದೆ. ನೀವು ಎಲ್ಲಾದನ್ನೂ ನೋಡ್ತೀರಿ, ಬರ್ಕೋತೀರಿ. ಡಾಕ್ಟರಿಗೆ ತೋರಿಸಿರ್ತೀರಿ ಅನ್ಕೊಂಡೆ.’

ಮಾವ ಲೋಟವನ್ನು ತಿರುಗಿಸುತ್ತ ಒಂದೊಂದೇ ಹೇಳಿದ. ಎಡಗಣ್ಣು ಪೂರ್ತಿ ಹೋಗಿ ಏಳೆಂಟು ತಿಂಗಳಾಗಿತ್ತಂತೆ. ಬಲಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಕಾಣುತ್ತದಂತೆ, ಅದೂ ಮಬ್ಬು. ಕಂಪ್ಲಿಯ ಮನೆಯಲ್ಲಿ ಪ್ರತಿ ಹೊಸ್ತಿಲೂ ಕಾಲಿಗೆ ಗೊತ್ತಿರುವುದರಿಂದ ಜೊತೆಗಿರುವ ಮಗನಿಗೂ ತಿಳಿದಿರಲಿಲ್ಲ. ಬಸ್ಸಿನ ಕಂಡಕ್ಟರ್ ಪರಿಚಯದವನು. ಡ್ರೈವರಿನ ಹಿಂದಿನ ಸೀಟಿಗೆ ಕೂರಿಸುತ್ತಿದ್ದ, ಬಾಳೆಹಣ್ಣೂ ಅವನೇ ಕೊಡಿಸುತ್ತಿದ್ದ, ಹೊಸಪೇಟೆಯಲ್ಲಿ ಇಳಿಸಿ ಆಟೋ ಹತ್ತಿಸುತ್ತಿದ್ದ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ಹೇಳಿದ್ರ ಬಸ್ ಹತ್ತಾಕ ಬಿಡ್ತಿದ್ರೇನು? ಅಕ್ಕ ಹೋದಮ್ಯಾಲ ನನಗ ಇರೋದು ಇದೊಂದು ಭಾನುವಾರ.’

ನಾಚಿಕೆ ಎಂದರೆ ಏನು ಎಂದು ಐವತ್ತು ದಾಟಿದ ಮೇಲೆ ತಿಳಿಯಿತು.

ಮರುದಿನ ರಜೆ ಹಾಕಿ, ಮಾವನ ಮಗನನ್ನೂ ಕರೆಸಿಕೊಂಡು ಬಳ್ಳಾರಿಯ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಹೊರಡುವಾಗ ಹೆಂಡತಿ ನನ್ನ ಚೀಲದಲ್ಲಿ ಆ ನೋಟುಬುಕ್ಕು ಇಟ್ಟಳು. ‘ಯಾವಾಗಿಂದ ಅಂತ ಕೇಳ್ತಾರ. ನಿಮ್ಮ ಹತ್ರನೇ ಐತಲ್ಲ’ ಎಂದಳು. ಚುಚ್ಚಿ ಹೇಳಿದಳೋ ಸುಮ್ಮನೆ ಹೇಳಿದಳೋ, ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲ ಪರೀಕ್ಷೆ ಮುಗಿಸಿ, ಮಾವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ನಮ್ಮಿಬ್ಬರನ್ನು ಒಳಗೆ ಕರೆದರು. ಯಾವಾಗಿನಿಂದ ಎಂದು ಅವರು ಕೇಳಿಯೇ ಕೇಳಿದರು. ಮಾವನ ಮಗ ನನ್ನ ಮುಖ ನೋಡಿದ. ನಾನು ನೋಟುಬುಕ್ಕು ಮುಂದಿಟ್ಟೆ. ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಪುಟ ತಿರುಗಿಸತೊಡಗಿದರು. ‘ಎಡಗಡೆ ಪಿಸ್ತೂಲಿನವನನ್ನ ಬಿಟ್ಟಾರ. ಎಡಗಡೆ ಬಾಗಿಲು. ಮತ್ತ ಎಡಗಡೆ. ಇಲ್ಲಿಂದ ಬಲಗಡೇನೂ ಹೊಂಟೈತಿ ನೋಡ್ರಿ’ ಎಂದು ಬೆರಳಿಟ್ಟು ತೋರಿಸಿದರು. ಪ್ರತಿ ಸಾಲಿನ ಮೇಲೂ ನನ್ನದೇ ಕೈಬರಹದ ತಾರೀಖು. ‘ಇಷ್ಟು ಚೊಲೋ ಯಾರೂ ಬರ್ಕೊಂಡು ಬರಂಗಿಲ್ಲರಿ. ಈ ಪಿಸ್ತೂಲಿನ ಪುಟ ಬರಿಯೋವಾಗ ಬಂದಿದ್ರ ಭಾಳ ಉಳೀತಿತ್ತು’ ಎಂದರು. ಅವರು ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು.

ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸತ್ತಿದೆ, ಎಡಗಣ್ಣು ಇನ್ನು ಬರುವುದಿಲ್ಲ, ಬಲಗಣ್ಣಿನಲ್ಲಿ ಇರುವಷ್ಟನ್ನು ಹನಿ ಹಾಕಿ ಹಿಡಿದಿಡಲು ನೋಡೋಣ, ನಿಲ್ಲುತ್ತದೆಂದು ಮಾತು ಕೊಡಲಾರೆ ಎಂದರು. ಹೊರಗೆ ಬಂದಾಗ ಮಾವ ಬೆಂಚಿನ ಮೇಲೆ ಶಾಲೆಯ ಮಗುವಿನಂತೆ ನೆಟ್ಟಗೆ ಕುಳಿತಿದ್ದ. ‘ಏನಂದ್ರು?’ ಎಂದ. ನಾನು ಮಾವನ ಮಗನ ಮುಖ ನೋಡಿದೆ, ಅವನು ನೆಲ ನೋಡಿದ. ‘ಹನಿ ಹಾಕ್ಕೋಬೇಕಂತ. ಮೂರು ತಿಂಗಳಾಗ ಮತ್ತ ಪಿ‌ಚ್ಚರ್ ನೋಡ್ತಿ ಅಂದ್ರು’ ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಆ ಮಾತು. ಮಾವ ‘ಹೌದಾ’ ಎಂದು ಮಗ ಕೊಟ್ಟಿದ್ದ ಕೋಲು ಹುಡುಕಿಕೊಂಡ.

ಆಮೇಲೆ ಭಾನುವಾರ ನಾನೇ ಕಂಪ್ಲಿಗೆ ಹೋಗತೊಡಗಿದೆ. ಮಾವನ ಮಗನ ಟಿವಿಗೆ ನನ್ನ ಫೋನು ಜೋಡಿಸಿ, ಕತ್ತಲೆ ಮಾಡುವುದು ಬೇಡವಾದ್ದರಿಂದ ಕಿಟಕಿ ತೆರೆದಿಟ್ಟೇ ಹಾಕುತ್ತಿದ್ದೆ. ನಾಲ್ಕೈದು ವಾರ ಹಳೆಯವೇ ನಡೆದವು. ಆ ದಿನಗಳಲ್ಲಿ ಮಾವ ಹನಿಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ‘ಇನ್ನ ಎರಡು ತಿಂಗಳು’ ಎಂದು ಸೊಸೆಗೆ ಹೇಳುತ್ತಿದ್ದನಂತೆ.

ಮೊನ್ನೆಯ ಭಾನುವಾರ ಅವನು ‘ನಾ ನೋಡದೇ ಇದ್ದದ್ದು ಹಾಕಲೇ. ನೀ ಹೇಳು’ ಎಂದ. ನಾನೂ ನೋಡಿರದ ಒಂದನ್ನು ಹಾಕಿದೆ. ಯಾರು ಯಾರೆಂದು ಹೇಳುವಷ್ಟರಲ್ಲಿ ಕಥೆ ಮುಂದಕ್ಕೆ ಓಡುತ್ತದೆ; ಮುಖ ಹೇಳಿದರೆ ಮಾತು ತಪ್ಪುತ್ತದೆ, ಮಾತು ಹೇಳಿದರೆ ಬಾಗಿಲಲ್ಲಿ ಯಾರೋ ಬಂದಿರುತ್ತಾರೆ. ಈ ಕೆಲಸವನ್ನು ಭಾಷೆಯೂ ಬರದೆ ಮಾಡಿದವನ ಮೇಲೆ ನಾನು ಕೇಸು ಕಟ್ಟಿದ್ದೆ. ಒಬ್ಬ ಹಾಡುಗಾರ್ತಿಯ ಕಥೆ ಅದು. ದೊಡ್ಡ ಊರಿನಲ್ಲಿ ಹೆಸರು ಮಾಡಿ, ಎಲ್ಲ ಕಳೆದುಕೊಂಡು, ಜಡ್ಡಾಗಿ, ತಾಯಿ ಇರುವ ಊರಿಗೆ ಹಿಮದಲ್ಲಿ ನಡೆದು ಬರುತ್ತಾಳೆ. ಅವಳ ಕೆಮ್ಮನ್ನು ನಾನು ನೆಗಡಿ ಮಾಡಿದೆ. ಅವಳನ್ನು ಬಿಟ್ಟುಹೋದವನನ್ನು ಕೆಲಸದ ಮೇಲೆ ಬೇರೆ ಊರಿಗೆ ಕಳಿಸಿದೆ. ಮಾವನ ಮುಖ ಸಪ್ಪೆಯಾಗದಂತೆ ನೋಡಿಕೊಳ್ಳುವುದೇ ನನ್ನ ಗುರಿಯಾಗಿತ್ತು. ಕೊನೆಯಲ್ಲಿ ಅವಳು ತಾಯಿಯ ಮನೆಯ ಗೇಟಿನವರೆಗೆ ಬಂದು, ಬಾಗಿಲು ತಟ್ಟುವ ಮೊದಲೇ ಹಿಮದ ಮೇಲೆ ಕುಸಿದಳು. ಪಿಟೀಲುಗಳು ಎದ್ದವು.

‘ಮನಿ ಮುಟ್ಟಿದಳು ಮಾವ. ಅವರವ್ವ ಬಾಗಿಲು ತಗದು ಒಳಗ ಕರ್ಕೊಂಡಳು’ ಎಂದೆ.

ಮಾವ ತಲೆ ಓರೆ ಮಾಡಿ ಪಿಟೀಲಿಗೆ ಕಿವಿಗೊಟ್ಟ.

‘ಈ ಬಾಜಾಕ್ಕ ಯಾರೂ ಮನಿ ಮುಟ್ಟಂಗಿಲ್ಲ. ನೆಟ್ಟಗ ಹೇಳು.’

‘ಸತ್ತಳು. ಗೇಟಿನ ತನಕ ಬಂದಿದ್ದಳು.’

‘ಹೂಂ’ ಎಂದ. ಪಿಟೀಲು ಮುಗಿದ ಮೇಲೆ ಕೇಳಿದ, ‘ಡಾಕ್ಟರ್ ಏನಂದರು?’

ಅಡುಗೆಮನೆಯಲ್ಲಿ ಸೊಸೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ನಾನು ಟಿವಿ ಆರಿಸಿದೆ.

‘ಎಡಗಣ್ಣು ಬರಂಗಿಲ್ಲ. ಬಲಗಣ್ಣು ಇದ್ದಷ್ಟು ಉಳಿಸಾಕ ನೋಡ್ತಾರ. ಉಳೀತೈತಿ ಅಂತ ಅವರು ಹೇಳಿಲ್ಲ.’

ಮಾವ ಕೈ ಚಾಚಿ ನನ್ನ ಮೊಣಕಾಲು ಹುಡುಕಿ ಅದರ ಮೇಲೆ ಕೈಯಿಟ್ಟುಕೊಂಡು, ತೆರೆದ ಕಿಟಕಿಯ ಬೆಳಕಿನ ಕಡೆಗೆ ಮುಖ ಮಾಡಿ ಕುಳಿತ. ಬೀದಿಯಲ್ಲಿ ಭತ್ತದ ಟ್ರ್ಯಾಕ್ಟರೊಂದು ಹೋಗುವವರೆಗೆ ಕಾದು, ಆಮೇಲೆ ಹೇಳಿದ.

‘ನಾನೂ ಮಂದಿಗೆ ಬೇಕಾದಷ್ಟು ಸುಳ್ಳು ಹೇಳೀನಿ. ಆದ್ರ ಅವರಿಗೆ ಕಣ್ಣಿತ್ತು. ನಂಬಿಕಿ ಬರದಿದ್ರ ತಾವೇ ನೋಡ್ಕೋತಿದ್ರು. ನನಗ ನಿನ್ನ ಬಾಯಿ ಒಂದೇ ಐತಿ.’

ನಾನು ಪಿಚ್ಚರನ್ನು ಮತ್ತೆ ಮೊದಲಿನಿಂದ ಹಾಕಿದೆ. ಅರ್ಧಕ್ಕಿಂತ ಹೆಚ್ಚು ತಿದ್ದಿ ಹೇಳಬೇಕಿತ್ತು.